ಬೆರಳಲ್ಲಿ ಹಿಡಿದ ಹತ್ತರ ಘಾತ

ಹತ್ತರ ತಲೆಯ ಮೇಲೆ ಕೂರುವ ಆ ಪುಟ್ಟ ಅಂಕಿಗೂ ನನಗೂ ಯಾವ ಜನ್ಮದ ಹಗೆಯೋ ಮಾರಾಯ್ರೆ, ಎಷ್ಟು ಜಾಗ್ರತೆ ಮಾಡಿದರೂ ಅದು ನನ್ನ ಮಾನ ತೆಗೆಯದೆ ಬಿಟ್ಟದ್ದಿಲ್ಲ. ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಉಡುಪಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಚೆಂಬೂರಿನ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದ್ದೆ. ಆರು ತಿಂಗಳಲ್ಲಿ ಕೆಲಸ ಕನ್‌ಫರ್ಮ್ ಆಗದಿದ್ದರೆ ಊರಿನ ಬಸ್ಸು ಹತ್ತಿಸುತ್ತೇನೆಂದು ದಹಿಸರ್‌ನಲ್ಲಿದ್ದ ನನ್ನ ಅಣ್ಣ ಮೊದಲೇ ಹೇಳಿದ್ದ. ಊರು ಬೇಡವೆಂದಲ್ಲ, ಸೋತು ಹೋಗುವುದು ಬೇಡವಾಗಿತ್ತು.

ಆಗ ಕ್ಯಾಲ್ಕ್ಯುಲೇಟರ್ ಎಲ್ಲಿಯದು? ಸ್ಲೈಡ್ ರೂಲ್ ಎಂಬ ಜಾರುಪಟ್ಟಿ. ಅದು ಉತ್ತರ ಮೂರು ಅನ್ನುತ್ತದೆ. ಮೂವತ್ತೋ ಮೂರು ಲಕ್ಷವೋ ಹೇಳುವುದಿಲ್ಲ. ಹತ್ತರ ಘಾತ, ಅಂದರೆ ಎಷ್ಟು ಸೊನ್ನೆ ಎಂಬುದನ್ನು, ನಾವೇ ನೆನಪಿಡಬೇಕು. ಹೆದರಿಕೆಯಲ್ಲಿ ನನಗೆ ನನ್ನ ಹೆಸರೇ ನೆನಪಿರುತ್ತಿರಲಿಲ್ಲ.

೧. ಐದು ಕೋಟಿ ಲೀಟರ್

ಮೊದಲ ವಾರ. ಒಂದು ಟ್ಯಾಂಕಿನಲ್ಲಿ ಮೂರು ಗುಣಿಲೆ ಹತ್ತರ ಘಾತ ನಾಲ್ಕು ಲೀಟರ್ ಎಣ್ಣೆ, ಇನ್ನೊಂದರಲ್ಲಿ ಎರಡು ಗುಣಿಲೆ ಹತ್ತರ ಘಾತ ಮೂರು. ಅಂದರೆ ಮೂವತ್ತು ಸಾವಿರ, ಎರಡು ಸಾವಿರ. ಕೂಡಿಸಬೇಕು. ಗುಣಿಸುವಾಗ ಘಾತ ಕೂಡಿಸುತ್ತೇವಲ್ಲ, ಅದೇ ಗುಂಗಿನಲ್ಲಿ ಇಲ್ಲಿಯೂ ಕೂಡಿಸಿಬಿಟ್ಟೆ. ಐದು ಗುಣಿಲೆ ಹತ್ತರ ಘಾತ ಏಳು!

ಲ್ಯಾಬಿನ ಸಾಹೇಬರು ಮರಾಠಿಯವರು. ರಿಜಿಸ್ಟರ್ ಹಿಡಿದು ಬಂದರು. "ಐದು ಕೋಟಿ ಲೀಟರ್! ಇದನ್ನು ಇಡಲು ಚೆಂಬೂರು ಸಾಲದು, ಧಾರಾವಿಯನ್ನೂ ಖಾಲಿ ಮಾಡಿಸೋಣವಾ?"

ಹೇಗಾದರೂ ಕೆಲಸ ಉಳಿಯಲಿ ಎಂದು, "ಸರ್, ಒಂದು ಸೊನ್ನೆ ಕಡಿಮೆ ಮಾಡಲಾ?" ಎಂದು ಕೇಳಿದೆ.

೨. ಕೈಗೇನಾಯಿತು?

ನನ್ನ ಅಳುಮುಖ ನೋಡಿ ಧಾರವಾಡದ ಕಡೆಯ ಹಿರಿಯ ಅಸಿಸ್ಟೆಂಟರಿಗೆ ಕನಿಕರ ಬಂತು. "ಅಳಬ್ಯಾಡ್ ತಂಗಿ. ಘಾತ ಎಷ್ಟೈತಿ ಅಷ್ಟು ಬೆರಳು ಕಿರುಬೆರಳಿಂದ ಮಡಚಕೋತ ಬಾ. ಬಲಗೈ ಪ್ಲಸ್ಸು, ಎಡಗೈ ಮೈನಸ್ಸು. ಲೆಕ್ಕ ಮುಗಿಯೂತನಕ ಸಾಕ್ಷಾತ್ ದೇವರ ಬಂದ್ರೂ ಬಿಚ್ಚಬ್ಯಾಡ."

ದೇವರಾಣೆ, ಆಮೇಲೆ ತಪ್ಪಲಿಲ್ಲ. ಆದರೆ ಹೆದರಿಕೆ ಬಿಡಬೇಕಲ್ಲ, ಲೋಕಲ್ ರೈಲಿನಲ್ಲಿಯೂ ಅಭ್ಯಾಸ. ಒಂದು ಬೆಳಿಗ್ಗೆ ಎಡಗೈಯ ಮೂರು ಬೆರಳು ಮಡಚಿಕೊಂಡು ಬಾಯಲ್ಲಿ ಗುಣುಗುಣು ಮಾಡುತ್ತಾ ನಿಂತಿದ್ದೆ. ಮೀನಿನ ಬುಟ್ಟಿಯ ಅಜ್ಜಿಯೊಬ್ಬಳು, "ಅಯ್ಯೋ, ಪೋರಿಯ ಕೈ ನೋಡಿ, ಸೆಟೆದುಹೋಗಿದೆ! ಮಂತ್ರ ಹೇಳುತ್ತಿದ್ದಾಳೆ ಪಾಪ," ಎಂದು ಮರಾಠಿಯಲ್ಲಿ ಡಬ್ಬಿಗೆಲ್ಲ ಸಾರಿದಳು. ಹತ್ತರ ಘಾತ ವಿವರಿಸುವಷ್ಟು ಮರಾಠಿ ನನಗೆಲ್ಲಿ ಬರಬೇಕು? ನಾಚಿಕೆಯಿಂದ ನೆಲ ನೋಡಿದೆ. ನಾಲ್ಕು ಜನ ಎದ್ದು ಜಾಗ ಕೊಟ್ಟರು.

ದಾದರ್‌ವರೆಗೂ ಬೆರಳು ಬಿಚ್ಚಲಿಲ್ಲ. ಬಿಚ್ಚಿದರೆ ಸೀಟು ಹೋಗುತ್ತಿತ್ತು.

೩. ಕನ್‌ಫರ್ಮೇಶನ್ ಕಾಗದ

ಆರನೇ ತಿಂಗಳ ಕೊನೆಯ ದಿನ ಜನರಲ್ ಮ್ಯಾನೇಜರರ ಕೋಣೆಗೆ ಕರೆ. ಸಾಹೇಬರೂ ಪಕ್ಕದಲ್ಲಿ ನಿಂತಿದ್ದರು.

"ಐದು ಕೋಟಿ ಲೀಟರಿನವಳು ಇವಳೇನಾ?" ಎಂದರು ಮ್ಯಾನೇಜರ್. "ಒಂದು ಲೆಕ್ಕ ಮಾಡು ನೋಡೋಣ. ಎರಡು ಗುಣಿಲೆ ಹತ್ತರ ಘಾತ ಐದು. ಅದನ್ನು ಐದು ಗುಣಿಲೆ ಹತ್ತರ ಘಾತ ಮೈನಸ್ ಎರಡರಿಂದ ಗುಣಿಸು."

ಬಲಗೈಯ ಐದೂ ಬೆರಳು ಮಡಚಿದೆ. ಎಡಗೈಯಲ್ಲಿ ಎರಡು. ಅಷ್ಟರಲ್ಲಿ ಸಾಹೇಬರು ಬಗ್ಗಿ, "ಐದು ತಿಂಗಳಿಂದ ಒಂದೂ ತಪ್ಪಿಲ್ಲ ಸರ್," ಎಂದರು. ಮ್ಯಾನೇಜರ್ ಡ್ರಾಯರಿನಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದರು. "ಹಾಗಾದರೆ ಸಾಕು. ತೆಗೆದುಕೋ."

ಹೇಗೆ ತೆಗೆದುಕೊಳ್ಳಲಿ? ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ಮೈನಸ್ ಎರಡು. ಬಿಚ್ಚಿದರೆ ಲೆಕ್ಕ ಹೋಯಿತು, ಲೆಕ್ಕ ಹೋದರೆ ಕೆಲಸ ಹೋಯಿತು. "ಸರ್, ಒಂದೇ ನಿಮಿಷ," ಎಂದೆ.

"ಬೇಡವಾ?" ಎಂದು ಅವರು ಕಾಗದ ಹಿಂದಕ್ಕೆ ಎಳೆದರು. ಬಗ್ಗಿ ಗಬಕ್ಕನೆ ಹಲ್ಲಲ್ಲಿ ಕಚ್ಚಿ ಹಿಡಿದೆ.

ಹಾಗೇ ಲೆಕ್ಕ ಮುಂದುವರಿಸಿದೆ. ಎಡಗೈಯ ಎರಡನ್ನು ಬಿಚ್ಚಿ, ಬಲಗೈಯ ಐದರಲ್ಲಿ ಎರಡು ಕಳೆದು ಮೂರು. ಘಾತದ ಮುಂದಿದ್ದ ಅಂಕಿಗಳು ಎರಡೈದಲ ಹತ್ತು, ಆ ಹತ್ತರ ಒಂದು ಸೊನ್ನೆಗೆ ಇನ್ನೊಂದು ಬೆರಳು ಮಡಚಿ ನಾಲ್ಕು. ಹತ್ತರ ಘಾತ ನಾಲ್ಕು! ಹೇಳೋಣವೆಂದರೆ ಬಾಯಲ್ಲಿ ಕಾಗದ. ಎಡಗೈ ಖಾಲಿಯಾದದ್ದು ಗಾಬರಿಯಲ್ಲಿ ಹೊಳೆಯಲೇ ಇಲ್ಲ. ನಾಲ್ಕು ಬೆರಳು ಮಡಚಿದ ಬಲಗೈಯನ್ನು ಮ್ಯಾನೇಜರರ ಮೂಗಿನ ಮುಂದೆ ಎತ್ತಿ ಹಿಡಿದೆ. ಉಳಿದ ಹೆಬ್ಬೆರಳು ನೆಟ್ಟಗೆ ನಿಂತಿತ್ತು.

"ನನಗೇ ಠೇಂಗಾ ತೋರಿಸಿ ಅಣಕಿಸುತ್ತೀಯಾ?" ಎಂದು ಮ್ಯಾನೇಜರ್ ಕುರ್ಚಿಯಿಂದ ಎದ್ದರು.

"ಅದು ಉತ್ತರ ಸರ್!" ಸಾಹೇಬರು ಕೂಗಿದರು. "ಉತ್ತರ ಸರಿ ಇದೆ!"

ಮ್ಯಾನೇಜರ್ ಬೆರಳು ಎಣಿಸಿ ನೋಡಿ, ಮೆಲ್ಲಗೆ ಕುಳಿತು ಪೆನ್ನು ತೆಗೆದರು. "ಹಾಗಾದರೆ ಆ ಕಾಗದ ಬಾಯಿಂದ ಬಿಡಲು ಹೇಳಿ. ಹೆಸರು ಸರಿ ಉಂಟಾ ನೋಡಲೆಂದು ಕೊಟ್ಟದ್ದು, ನಾನಿನ್ನೂ ಸಹಿ ಹಾಕಿಲ್ಲ."