ಲಗೋರಿಯ ದಾನಪತ್ರ

ಗುರುಶಾಂತನಿಗೆ ಬಂದ ಕಷ್ಟಕ್ಕೆಲ್ಲ ಕಾರಣ ಒಂದು ಖಾಲಿ ಫೈಲು. ಅದರಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದರೆ ಅವನು ಆ ದಿನ ಬಸವಕಲ್ಯಾಣದಲ್ಲಿ ತನ್ನ ಪಾಡಿಗೆ ತಾನು ಚಹಾ ಕುಡಿದುಕೊಂಡಿರುತ್ತಿದ್ದ.

ಅದು ಎರಡು ಸಾವಿರದ ಎರಡನೇ ಇಸವಿ. ಗುರುಶಾಂತ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಕಲಿಸುತ್ತಿದ್ದ. ಉಳಿದ ಹೊತ್ತು ಮನೆಯ ಹಿಂದಿನ ಕೋಣೆಯಲ್ಲಿ ಕೂತು 'ಲಗೋರಿ' ಬರೆಯುತ್ತಿದ್ದ. ಈ ಲಗೋರಿ ಆಟವಲ್ಲ, ಕಂಪ್ಯೂಟರ್ ಆಟ ಕಟ್ಟುವವರಿಗೆ ಬೇಕಾದ ಸಿದ್ಧ ಸಾಮಾನಿನ ಗಂಟು. ಚೆಂಡು ಪುಟಿಯುವುದು, ಗೊಂಬೆ ಓಡುವುದು, ಓಡಿದ ಗೊಂಬೆ ಗೋಡೆಗೆ ಬಡಿದಾಗ ನಿಲ್ಲುವುದು, ಇವನ್ನೆಲ್ಲ ಪ್ರತಿಯೊಬ್ಬರೂ ಹೊಸದಾಗಿ ಬರೆಯುವ ಬದಲು ಗುರುಶಾಂತ ಬರೆದದ್ದನ್ನು ಎತ್ತಿಕೊಂಡರೆ ಸಾಕು. ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟು ಮೂರು ವರ್ಷವಾಗಿತ್ತು. ತಿಂಗಳಿಗೊಮ್ಮೆ ತಪ್ಪು ತಿದ್ದಿ ಹೊಸ ಆವೃತ್ತಿ ಹಾಕುತ್ತಿದ್ದ. ಎತ್ತಿಕೊಂಡವರು ಮಾತ್ರ ಈವರೆಗೆ ಒಬ್ಬರೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಮಹೆಬೂಬನ ಇಂಟರ್ನೆಟ್ ಅಂಗಡಿಯಲ್ಲಿ ಮೇಲ್ ತೆರೆದರೆ ಪುಣೆಯ ಒಂದು ಕಂಪನಿಯವರು ಬರೆದಿದ್ದರು. ಮಕ್ಕಳಿಗಾಗಿ ಒಂದು ಆಟದ ಸಿಡಿ ಮಾಡುತ್ತಿದ್ದಾರಂತೆ. ಲಗೋರಿ ಹಿಡಿಸಿದೆಯಂತೆ. ಆಟ ಮುಗಿದಾಗ ಪರದೆಯ ಮೇಲೆ ಗುರುಶಾಂತನ ಹೆಸರು ಹಾಕುತ್ತಾರಂತೆ. ಆದರೆ ಲೈಸೆನ್ಸ್ ಎಂಬ ಫೈಲು ಖಾಲಿ ಇದೆ. ಇದನ್ನು ಯಾರು ಹೇಗೆ ಬಳಸಬಹುದೆಂದು ಅವನು ಬರೆದು ಹಾಕದೆ ಅವರ ವಕೀಲರು ಮುಟ್ಟಗೊಡುವುದಿಲ್ಲ. ಸಂಜೆ ಐದರೊಳಗೆ ಹಾಕದಿದ್ದರೆ ಬೇರೆಯವರದನ್ನು ತೆಗೆದುಕೊಳ್ಳುತ್ತಾರೆ.

ಪರದೆಯ ಮೇಲೆ ಹೆಸರು ಎಂಬ ಸಾಲನ್ನು ಗುರುಶಾಂತ ನಾಲ್ಕು ಸಲ ಓದಿದ. ಅವನ ತಾಯಿ ಶಕುಂತಲಾಬಾಯಿ ಮೂರು ವರ್ಷದಿಂದ ಕಂಪ್ಯೂಟರಿನಲ್ಲಿ ಇಣುಕಿ, ಇದರಲ್ಲಿ ನಿನ್ನ ಹೆಸರು ಎಲ್ಲಿದೆ ಎಂದು ಕೇಳುತ್ತಿದ್ದರು. ಒಮ್ಮೆ, ಒಂದೇ ಒಂದು ಸಲ, ಇಲ್ಲಿದೆ ನೋಡವ್ವಾ ಎಂದು ಬೆರಳಿಟ್ಟು ತೋರಿಸಬೇಕೆಂಬುದು ಅವನ ಆಸೆ. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಇರಲಿಲ್ಲ.

ಫೈಲು ಖಾಲಿ ಬಿಟ್ಟದ್ದು ಸೋಮಾರಿತನದಿಂದಲ್ಲ, ಗೊಂದಲದಿಂದ. ಇಂಥ ಬಿಟ್ಟಿ ಸಾಮಾನಿಗೆ ಲೋಕದಲ್ಲಿ ಹತ್ತಾರು ಬಗೆಯ ಸಿದ್ಧ ಲೈಸೆನ್ಸುಗಳಿವೆ. ತಿದ್ದಿದರೆ ತಿದ್ದಿದ್ದನ್ನೂ ಹಂಚು ಎನ್ನುತ್ತದೆ ಒಂದು. ಏನಾದರೂ ಮಾಡಿಕೋ ಎನ್ನುತ್ತದೆ ಇನ್ನೊಂದು. ಮೂರನೆಯದು ಎರಡನ್ನೂ ಹೇಳಿ ಕೊನೆಗೆ ಎರಡೂ ಅಲ್ಲ ಎನ್ನುತ್ತದೆ. ಗುರುಶಾಂತನಿಗೆ ಯಾವುದನ್ನು ಓದುತ್ತಿರುವನೋ ಅದೇ ಸರಿ ಅನಿಸುತ್ತಿತ್ತು. ಈಗ ಬೇರೆ ದಾರಿಯಿಲ್ಲದೆ ನಾಲ್ಕನ್ನು ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರವಿಕೊಂಡು ಕೂತ.

ಅಷ್ಟರಲ್ಲಿ ಮಹಾರುದ್ರಪ್ಪನವರು ಝೆರಾಕ್ಸ್ ಮಾಡಿಸಲು ಬಂದರು. ನೋಂದಣಿ ಕಚೇರಿಯ ಮುಂದೆ ಕೂತು ನಲವತ್ತು ವರ್ಷ ಹೊಲಮನೆಯ ಪತ್ರ ಬರೆದವರು, ಗುರುಶಾಂತನ ತೀರಿಹೋದ ಅಪ್ಪನ ಗೆಳೆಯರು. ಕಾಗದ ಕಂಡರೆ ಅವರ ಕೈ ತಾನೇ ಕನ್ನಡಕಕ್ಕೆ ಹೋಗುತ್ತಿತ್ತು. ಗುರುಶಾಂತ ಸಂಗತಿ ಹೇಳಿ, ನಾಲ್ಕರಲ್ಲೂ ದಪ್ಪಕ್ಷರದಲ್ಲಿರುವ ಸಾಲಿನ ಅರ್ಥವನ್ನೂ ಹೇಳಿದ: ಇದು ಕೆಟ್ಟರೆ, ಇದರಿಂದ ನಿಮಗೆ ನಷ್ಟವಾದರೆ, ಕೊಟ್ಟವನು ಜವಾಬ್ದಾರನಲ್ಲ.

ಮಹಾರುದ್ರಪ್ಪನವರ ಮುಖ ಕಹಿಯಾಯಿತು. "ಕೊಡಾ ಮನಷ್ಯಾ ಹಿಂಗ ಮಾತಾಡ್ತಾನೇನೋ ತಮ್ಮಾ? ಸಾಕ್ಷಿ ಇಲ್ಲ, ಸಹಿ ಇಲ್ಲ, ಚಕ್ಕುಬಂದಿ ಇಲ್ಲ. ಇದಕ್ಕ ಪತ್ರ ಅಂತಾರೇನು? ನೀ ಸುಮ್ನ ಕೂಡು, ನಾ ಬರದು ಕೊಡ್ತೀನಿ. ನಾ ಬರದ ಪತ್ರ ಇವತ್ತಿನ ತನಕಾ ಒಂದೂ ವಾಪಸ್ ಬಂದಿಲ್ಲ."

ಬೇಡ ಎನ್ನುವ ಮಾತು ಗುರುಶಾಂತನ ಗಂಟಲಿನವರೆಗೆ ಬಂತು. ಅಲ್ಲಿಂದ ಮುಂದೆ ಅದು ಹುಟ್ಟಿದಾಗಿನಿಂದ ಎಂದೂ ಬಂದಿರಲಿಲ್ಲ. ಮೇಲಾಗಿ ಕೇಳಿದವರು ವಕೀಲರು. ವಕೀಲರಿಗೆ ಬಾಂಡ್ ಪೇಪರೇ ಸರಿಯೇನೋ ಎಂಬ ಅನುಮಾನವೂ ಬಂತು.

ಪತ್ರ ಬರೆಯುವಾಗ ಚಕ್ಕುಬಂದಿಯಲ್ಲಿ ಗಾಡಿ ನಿಂತಿತು. ಕೊಡುವ ಸೊತ್ತಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯದೆ ಮಹಾರುದ್ರಪ್ಪನವರ ಲೇಖನಿ ಮುಂದೆ ಹೋಗದು. ಲಗೋರಿಗೆ ದಿಕ್ಕಿಲ್ಲವೆಂದು ಗುರುಶಾಂತ ಹೇಳಿ ನೋಡಿದ. ಅವರು ಒಪ್ಪಲಿಲ್ಲ. ಕೊನೆಗೆ ಮನೆಯಲ್ಲಿ ಅದು ಇರುವ ಕಂಪ್ಯೂಟರಿನ ಲೆಕ್ಕ ಹಿಡಿದು, ಪೂರ್ವಕ್ಕೆ ಜೋಳದ ಡಬ್ಬಿ, ಪಶ್ಚಿಮಕ್ಕೆ ಕಿಟಕಿ, ಉತ್ತರಕ್ಕೆ ತಾಯಿಯ ಹೊಲಿಗೆ ಮಷೀನು, ದಕ್ಷಿಣಕ್ಕೆ ಹಾದುಹೋಗುವ ದಾರಿ ಎಂದಾಯಿತು. ಉಳಿದದ್ದು ಸರಾಗ. ಲಗೋರಿಯನ್ನು ಜಗತ್ತಿನ ಸಕಲ ಜನರಿಗೆ ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿದೆ. ಇಂದಿನಿಂದ ಇದರಲ್ಲಿ ನನ್ನ ಹೆಸರು, ಹಕ್ಕು, ಹಿತಸಂಬಂಧ ಯಾವುದೂ ಉಳಿದಿರುವುದಿಲ್ಲ. ಮುಂದೆ ಯಾವುದೇ ತಂಟೆ ತಕರಾರು ಬಂದಲ್ಲಿ ನಾನೇ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ. ನಲವತ್ತು ವರ್ಷದಿಂದ ಪ್ರತಿ ಪತ್ರದಲ್ಲೂ ಬರೆದ ಸಾಲುಗಳು, ಅವರು ನೋಡದೆ ಬರೆದರು.

ಗುರುಶಾಂತ ಸಹಿ ಹಾಕಿದ, ಮಹೆಬೂಬ ಸಾಕ್ಷಿ ಹಾಕಿದ. ಇನ್ನೇನು ಮುಗಿಯಿತು ಅನ್ನುವಾಗ ಮಹಾರುದ್ರಪ್ಪನವರು ಕಂಪ್ಯೂಟರ್ ಕೊಡಿಸಿದವರು ಯಾರೆಂದು ಕೇಳಿದರು. ಅಪ್ಪ ಎಂದ ಗುರುಶಾಂತ. ಹಾಗಾದರೆ ಅದು ಹಿರಿಯರ ಸೊತ್ತು, ಅದರ ಮೇಲೆ ಬೆಳೆದದ್ದರಲ್ಲಿ ಹುಮನಾಬಾದಿಗೆ ಕೊಟ್ಟ ಅಕ್ಕನಿಗೂ ಪಾಲು, ಅವಳ ಸಹಿ ಬೇಕೇ ಬೇಕು ಎಂದರು. ಹನ್ನೊಂದರ ಬಸ್ಸಿಗೆ ಇಬ್ಬರೂ ಹೊರಟರು. ದಾರಿಯಲ್ಲಿ ಮಹಾರುದ್ರಪ್ಪನವರ ಚೀಲದಲ್ಲಿದ್ದ ಹೆಬ್ಬೆಟ್ಟಿನ ಮಸಿ ಸೋರಿ ಗುರುಶಾಂತನ ಬಿಳಿ ಅಂಗಿಯ ಬಗಲು ನೀಲಿಯಾಯಿತು.

ಅಕ್ಕ ಅನುರಾಧಾ ಪತ್ರ ಓದದೆಯೇ ಸಹಿ ಹಾಕಲು ಕೂತಳು. ಅವಳ ಗಂಡ ಬಸವಕಿರಣ ಬೀಜ, ಕೀಟನಾಶಕದ ವ್ಯಾಪಾರಿ. ಅವನು ಪೆನ್ನು ಹಿಡಿದುಕೊಂಡ. ಇಷ್ಟು ದೂರ ಬಂದು ಸಹಿ ಕೇಳುತ್ತಾರೆಂದರೆ ಈ ಲಗೋರಿಗೆ ಬೆಲೆ ಇರಲೇಬೇಕು ಎಂಬುದು ಅವನ ತರ್ಕ.

"ಇಡೀ ಜಗತ್ತಿಗಿ ಫುಕಟ್ ಕೊಡ್ಲಾಕ ಬರ್ತದ, ಮನಿ ಅಳಿಯಗ ಒಂದು ಮಾತು ಕೇಳಾಕ ಬರಾಂಗಿಲ್ಲೇನು?" ಎಂದು ಕೇಳಿದ.

ಅಳಿಯನಿಗೂ ಫುಕಟ್ಟೇ ಎಂದು ಗುರುಶಾಂತ ವಿವರಿಸಿದ. ಅದು ಬಸವಕಿರಣನನ್ನು ಇನ್ನಷ್ಟು ಕೆರಳಿಸಿತು. ಊರವರಿಗೆ ಕೊಟ್ಟಷ್ಟೇ ಅಳಿಯನಿಗೂ ಕೊಟ್ಟರೆ ಅಳಿಯತನಕ್ಕೆ ಅರ್ಥವೇನು? ಅದೇ ಹೊತ್ತಿಗೆ ತೊಗರಿಗೆ ಔಷಧಿ ಒಯ್ಯಲು ಬಂದಿದ್ದ ದುಬಲಗುಂಡಿಯ ಲಾಲಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿ, ಸಕಲ ಜನರಲ್ಲಿ ತಾನೂ ಬರುತ್ತೇನೆಯೇ ಎಂದು ವಿಚಾರಿಸಿದ. ಬರುತ್ತೀರಿ ಎಂದ ಗುರುಶಾಂತ.

"ಹಾಂಗಾರ ನನ್ನ ಪಾಲಿಂದು ಈಗೇ ಕಟ್ಟಿ ಕೊಟ್ಟುಬಿಡ್ರಿ," ಎಂದ ಲಾಲಪ್ಪ, "ನನಗ ಎರಡರ ಬಸ್ಸಿಗಿ ಹೋಗೂದದ."

ಊಟ ಆಯಿತು, ವಾದ ನಡೆದೇ ಇತ್ತು. ಬಸವಕಿರಣ ಕೊನೆಗೆ ಒಂದು ಷರತ್ತಿನ ಮೇಲೆ ಪೆನ್ನು ಬಿಟ್ಟ. ನಾಳೆ ತಕರಾರು ಬಂದರೆ ಅನುರಾಧಾಳನ್ನು ಯಾರೂ ಕೇಳಕೂಡದು. ಎಲ್ಲ ಗುರುಶಾಂತನ ತಲೆಯ ಮೇಲೆ, ಅವನ ನಂತರ ಅವನ ಮಕ್ಕಳು ಮೊಮ್ಮಕ್ಕಳ ತಲೆಯ ಮೇಲೆ. ಗುರುಶಾಂತನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಗಡಿಯಾರ ನೋಡಿ ಅದಕ್ಕೂ ಹೂಂ ಎಂದ. ಮಹಾರುದ್ರಪ್ಪನವರು ಅದನ್ನೂ ತಕರಾರಿನ ಸಾಲಿಗೆ ಸೇರಿಸಿ ಬರೆದರು. ಲಾಲಪ್ಪ ಎರಡನೆಯ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ.

ಬಸವಕಲ್ಯಾಣ ಮುಟ್ಟಿದಾಗ ನಾಲ್ಕು ಗಂಟೆ. ಮಹೆಬೂಬನ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ನಾಲ್ಕೂವರೆಗೆ ಬಂತು. ಗುರುಶಾಂತ ಗಡಿಬಿಡಿಯಲ್ಲಿ ಪತ್ರವನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸುತ್ತಾ ಟೈಪ್ ಮಾಡತೊಡಗಿದ. ಮಹಾರುದ್ರಪ್ಪನವರು ಬೆನ್ನ ಹಿಂದೆ ನಿಂತರು. ತಕರಾರಿನ ಕಲಮಿಗೆ ಬಂದಾಗ ಅವನ ಬೆರಳು ನಿಂತಿತು. ಮೆಲ್ಲಗೆ ಅದನ್ನು ಹಾರಿಸಿ ಮುಂದಕ್ಕೆ ಹೋದ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು.

"ಕಾಗದದ ಮ್ಯಾಲ ಹನ್ನೊಂದು ಕಲಮು ಅವ, ಇಲ್ಲಿ ಹತ್ತೇ ಕಾಣ್ತಾವಲ್ಲ. ಒಂದು ಬಿಟ್ಟರೂ ಪತ್ರ ಸುಳ್ಳಾಗ್ತದ ತಮ್ಮಾ, ಸಹಿ ಹಾಕೀದಿ."

ಗುರುಶಾಂತ ಹನ್ನೊಂದನೆಯದನ್ನೂ ಹಾಕಿದ. ಐದಕ್ಕೆ ಮೂರು ನಿಮಿಷ ಇರುವಾಗ ಫೈಲು ಹೋಯಿತು. ಜೋಳದ ಡಬ್ಬಿ ಓದಿ ಪುಣೆಯ ವಕೀಲರು ನಗುತ್ತಾರೆ, ಬೇರೆಯವರದನ್ನು ಎತ್ತಿಕೊಳ್ಳುತ್ತಾರೆ, ಮೂರು ವರ್ಷ ನೀರಿಗೆ ಹೋಯಿತು ಎಂದುಕೊಂಡು ಕೂತ.

ಆರು ಗಂಟೆಗೆ ಉತ್ತರ ಬಂತು. ಮೊದಲ ಸಾಲು: ಲಗೋರಿಯನ್ನೇ ಆರಿಸಿದ್ದೇವೆ.

ಗುರುಶಾಂತ ಎದ್ದು ನಿಂತ. ಮಹೆಬೂಬ ಚಹಾಕ್ಕೆ ಹೇಳಿದ. ಮಹಾರುದ್ರಪ್ಪನವರು ತಮ್ಮ ಕೈಗುಣದ ಬಗ್ಗೆ ಎರಡು ಮಾತಾಡಿದರು. ಗುರುಶಾಂತ ಕಣ್ಣೊರೆಸಿಕೊಂಡು ಎರಡನೆಯ ಸಾಲಿಗೆ ಬಂದ.

ತಾವು ಹನ್ನೆರಡು ಬಗೆಯ ಸಾಮಾನು ಪರೀಕ್ಷಿಸಿದ್ದಾಗಿಯೂ, ಹನ್ನೊಂದರಲ್ಲಿ ಕೆಟ್ಟರೆ ನಾವು ಜವಾಬ್ದಾರರಲ್ಲ ಎಂದೇ ಇದ್ದುದಾಗಿಯೂ, ಜಗತ್ತಿನಲ್ಲಿ ಬಿಟ್ಟಿ ಕೊಟ್ಟು ಮೇಲೆ ಮೂರು ತಲೆಮಾರಿನ ಜವಾಬ್ದಾರಿ ಹೊತ್ತ ಲೈಸೆನ್ಸನ್ನು ತಮ್ಮ ವಕೀಲರು ಇದೇ ಮೊದಲು ನೋಡಿದ್ದಾಗಿಯೂ ಅವರು ಬರೆದಿದ್ದರು. ಲಗೋರಿಯಲ್ಲಿ ಈವರೆಗೆ ಕಂಡ ನೂರಾ ನಲವತ್ತಮೂರು ದೋಷಗಳ ಪಟ್ಟಿ ಜೊತೆಗಿದೆ, ಸೋಮವಾರದೊಳಗೆ ಸರಿಪಡಿಸಬೇಕು. ಪುರುಸೊತ್ತಿಲ್ಲದಿದ್ದರೆ ನಿಮ್ಮ ಮಕ್ಕಳ ವಿಳಾಸ ಕಳಿಸಿ. ಪತ್ರದಲ್ಲಿ ನಿಮ್ಮ ಹೆಸರು ಉಳಿದಿರುವುದಿಲ್ಲ ಎಂದು ನೀವೇ ಒಪ್ಪಿರುವುದರಿಂದ, ಆಟದ ಕೊನೆಯಲ್ಲಿ ಹಾಕಿದ್ದ ನಿಮ್ಮ ಹೆಸರನ್ನು ತೆಗೆದಿದ್ದೇವೆ.

ಚಹಾ ಬಂತು. ಗುರುಶಾಂತ ಅದನ್ನು ಮುಟ್ಟಲಿಲ್ಲ. ಅವ್ವನಿಗೆ ಏನು ತೋರಿಸುವುದು ಎಂಬುದೊಂದೇ ಅವನ ತಲೆಯಲ್ಲಿತ್ತು. ಈ ಪತ್ರವನ್ನು ರದ್ದು ಮಾಡಲು ಬರುವುದಿಲ್ಲವೇ ಎಂದು ಕೇಳಿದ.

ಮಹಾರುದ್ರಪ್ಪನವರು ಬಸಿಯಲ್ಲಿದ್ದ ಚಹಾ ಊದಿ ಕುಡಿದರು.

"ಬರ್ತದ, ಯಾಕ ಬರಾಂಗಿಲ್ಲ. ದಾನ ತಗೊಂಡೋರು ಎಲ್ಲಾರೂ ಸಹಿ ಮಾಡಿದರಾಯ್ತು," ಎಂದರು. "ಮುಂಜಾನಿ ಏಳರ ಬಸ್ಸಿಗಿ ಬಾ. ದುಬಲಗುಂಡಿ ಲಾಲಪ್ಪನಿಂದ ಶುರು ಮಾಡೂಣು."