ರಕ್ತ ನೋಡುವವನಿಗೆ ಪಾಠ ಹೇಳಿದವರು

ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತವನಿಗೆ ನಗುವ ಸಂದರ್ಭ ಕಮ್ಮಿ ಅಂತ ಜನ ತಿಳಿದಿದ್ದಾರೆ. ಬೆರಳು ಚುಚ್ಚೋದು, ಗಾಜಿನ ಮೇಲೆ ರಕ್ತ ಸವರೋದು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚೋದು, ಇದರಲ್ಲಿ ನಗೋಕೆ ಏನಿದೆ ಅಂತ ನನ್ನ ಹೆಂಡತಿಯೂ ಕೇಳುತ್ತಿದ್ದಳು. ಆದರೆ ಐವತ್ತು, ಅರವತ್ತರ ದಶಕದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ವರ್ಗವಾಗಿ ಅಲೆದ ನನಗೆ ಒಂದು ಗೊತ್ತಾಗಿತ್ತು. ಸೂಜಿ ಕೈಗೆತ್ತಿಕೊಂಡ ದಿನ ಏನಾದರೊಂದು ನಡೆದೇ ತೀರುತ್ತಿತ್ತು. ಬಹಳ ಸಲ ಅದರಲ್ಲಿ ಪೆದ್ದನಾಗುತ್ತಿದ್ದವನು ನಾನೇ.

ನಡುವೆ ತೂತು

ಚಿಕ್ಕಬಳ್ಳಾಪುರದಲ್ಲಿ ಕೆಲಸಕ್ಕೆ ಸೇರಿದ ಹೊಸತು. ಪೆರೇಸಂದ್ರದ ಕಡೆಯಿಂದ ಒಬ್ಬ ಅಜ್ಜಿ ಬಂದರು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಬರಿಗಾಲಲ್ಲಿ ಹೊಲ ಗೆಯ್ದು ಹೊಟ್ಟೆಗೆ ಕೊಕ್ಕೆಹುಳ ಸೇರಿತ್ತು. ಅದು ರಕ್ತ ಹೀರಿ ಹೀರಿ ರಕ್ತಹೀನತೆ ಬಂದಿತ್ತು. ಡಾಕ್ಟರು ಹುಳಕ್ಕೆ ಔಷಧಿ, ರಕ್ತಕ್ಕೆ ಕಬ್ಬಿಣದ ಮಾತ್ರೆ ಬರೆದರು. ಅಜ್ಜಿ ಚೀಟಿ ಮುಟ್ಟಲಿಲ್ಲ.

"ನನ್ ರಕ್ತ ನನಗೇ ತೋರಿಸ್ದೆ ಕೆಟ್ಟೋಗಿದೆ ಅಂತೀರಲ್ಲಪ್ಪ, ಹೆಂಗೆ ನಂಬೋದು?"

ಸೂಕ್ಷ್ಮದರ್ಶಕವನ್ನು ರೋಗಿಗಳು ಮುಟ್ಟಬಾರದು ಅಂತ ನಿಯಮವಿತ್ತು. ಆದರೂ ಸ್ಟೂಲ್ ಎಳೆದು ಕೂರಿಸಿ ತೋರಿಸಿದೆ. ಅಜ್ಜಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಇದೇನಪ್ಪ, ಬರೀ ಉದ್ದಿನವಡೆ. ಎಲ್ಲದಕ್ಕೂ ನಡುವೆ ತೂತು."

ಕಬ್ಬಿಣದಂಶ ಸಾಲದಿದ್ದರೆ ಕೆಂಪು ಕಣದ ನಡುಭಾಗ ಬಿಳಿಚಿಕೊಂಡು ಟೊಳ್ಳಾಗಿ ಕಾಣುತ್ತದೆ. ನಮ್ಮ ಪುಸ್ತಕದಲ್ಲಿ ಇದನ್ನೇ ಅರ್ಧ ಪುಟ ಬರೆದಿದ್ದರು, ನನಗೆ ಅದು ಬಾಯಿಪಾಠವಾಗಲು ಒಂದು ವಾರ ಹಿಡಿದಿತ್ತು.

"ಆ ತೂತು ಮುಚ್ಚೋಕೇ ಅಮ್ಮ ಈ ಮಾತ್ರೆ" ಅಂದೆ. ಅಜ್ಜಿ ಚೀಟಿ ತೆಗೆದುಕೊಂಡರು.

ಮೂರು ತಿಂಗಳು ಬಿಟ್ಟು ಅಜ್ಜಿ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದರು, ಕೆನ್ನೆಯಲ್ಲಿ ರಂಗು ಬಂದಿತ್ತು. ನಾನು ಗಾಜಿನ ಮೇಲೆ ರಕ್ತ ಸವರಿಟ್ಟಿದ್ದೇ ತಡ, ತಾವೇ ಸ್ಟೂಲ್ ಮೇಲೆ ಕೂತು ನೋಡಿ, "ಬೋಂಡ ಆಗಿದೆ ಬಿಡಪ್ಪ" ಅಂತ ತೀರ್ಪು ಕೊಟ್ಟು ಹೋದರು. ಮಾರನೇ ವಾರ ಅದೇ ಊರಿನ ಆರು ಹೆಂಗಸರು ಬಂದು ಬೆರಳು ಚಾಚಿ ನಿಂತರು.

"ಸ್ವಲ್ಪ ನೋಡಿ ಹೇಳಪ್ಪ, ನಮ್ದು ವಡೆನೋ, ಬೋಂಡಾನೋ?"

ಅತ್ತೆಯ ರಕ್ತ

ಚಿಂತಾಮಣಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಮಗು ಗಟ್ಟಿಯಾಗಿ ಅಳುತ್ತಿತ್ತು, ತಾಯಿಗೆ ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ. ಲೇಡಿ ಡಾಕ್ಟರು ಹೊರಗೆ ಬಂದು, "ತಕ್ಷಣ ರಕ್ತ ಬೇಕು. ಯಾರು ಕೊಡ್ತೀರಿ?" ಅಂತ ಕೇಳಿದರು.

ವರಾಂಡದಲ್ಲಿ ಏಳೆಂಟು ಗಂಡಸರು ಕೂತಿದ್ದರು. ಒಬ್ಬನಿಗೆ ಬಸ್ಸಿನ ನೆನಪಾಯಿತು, ಇನ್ನೊಬ್ಬನಿಗೆ ಎತ್ತಿಗೆ ನೀರು ಕುಡಿಸಿಲ್ಲ ಅನ್ನೋದು ನೆನಪಾಯಿತು. ಕೊನೆಗೆ ಉಳಿದವನು ಗಂಡ ಒಬ್ಬನೇ. ಪಾಪ, ಅವನ ರಕ್ತ ಹೊಂದಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದು, ಸೆರಗು ಸರಿಸಿ, ತೋಳು ಮುಂದಿಟ್ಟರು. ಸೊಸೆಗೂ ಅವರಿಗೂ ಮದುವೆಯಾದಾಗಿನಿಂದ ಒಂದು ದಿನವೂ ಸರಿಹೋಗಿರಲಿಲ್ಲ ಅಂತ ನರ್ಸಮ್ಮ ನನ್ನ ಕಿವಿಯಲ್ಲಿ ಹೇಳಿದರು.

ಇಬ್ಬರ ರಕ್ತವನ್ನೂ ಗಾಜಿನ ಮೇಲೆ ಬೆರೆಸಿ ನೋಡಿದೆ. ಹೊಂದದಿದ್ದರೆ ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಕಟ್ಟಲಿಲ್ಲ. ಆದರೂ ಇನ್ನೊಂದು ಸಲ ಬೆರೆಸಿ ನೋಡಿದೆ.

"ನಿಮ್ಮಿಬ್ಬರದೂ ಹೊಂದ್ತದಮ್ಮ" ಅಂದೆ.

"ರಕ್ತ ಒಂದಾದ್ರೂ ಹೊಂದ್ತಲ್ಲ. ತಗೋ ನಾಯನಾ, ಬೇಗ" ಅಂದರು ಅತ್ತೆ.

ಬಾಟಲಿ ಖಾಲಿಯಾಗುವ ಹೊತ್ತಿಗೆ ಸೊಸೆಯ ತುಟಿಗೆ ಬಣ್ಣ ಬಂತು. ಅತ್ತೆ ಮಂಚದ ಪಕ್ಕದಿಂದ ಕದಲಲಿಲ್ಲ.

ಮನೆಗೆ ಕಳಿಸುವ ದಿನ ಅತ್ತೆ, ಮಗುವಿನ ತಲೆಗೆ ಬಟ್ಟೆ ಕಟ್ಟಿಲ್ಲ ಅಂತ ಸೊಸೆಗೆ ಜೋರು ಮಾಡಿದರು. ಸೊಸೆ ಅದಕ್ಕಿಂತ ಜೋರಾಗಿ ತಿರುಗಿ ಮಾತಾಡಿದಳು. ಇಷ್ಟು ಕಷ್ಟಪಟ್ಟಿದ್ದು ಇದಕ್ಕಾ ಅನ್ನುವ ಹಾಗೆ ಲೇಡಿ ಡಾಕ್ಟರು ಅವಳನ್ನು ನೋಡಿದರು.

"ನಾನಲ್ಲ ಡಾಕ್ಟ್ರಮ್ಮ" ಅಂದಳು ಅವಳು. "ಅತ್ತೆ ರಕ್ತ ಮಾತಾಡ್ತಿದೆ."

ಮೊದಲು ನಕ್ಕವರು ಅತ್ತೆ.

ಸಣ್ಣ ಉರಿ

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಸಾಹೇಬರೊಬ್ಬರಿದ್ದರು. ಅವರಿಗೆ ತಿಂಗಳುಗಟ್ಟಲೆ ಬೆನ್ನುನೋವು. ಸೀನಿದರೆ ಪಕ್ಕೆಲುಬು ಚುಚ್ಚುತ್ತಿತ್ತು. ವಾಯು ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು, ಗುಣವಾಗಲಿಲ್ಲ. ಅವರ ರಕ್ತದಲ್ಲಿ ಕೆಂಪು ಕಣಗಳು ಬಳೆ ಅಂಗಡಿಯ ಬಳೆಗಳಂತೆ ಒಂದಕ್ಕೊಂದು ಅಂಟಿ ಸಾಲುಗಟ್ಟಿದ್ದವು. ನಮ್ಮ ಡಾಕ್ಟರಿಗೆ ಅನುಮಾನ. "ಮೂತ್ರದಲ್ಲಿ ಏನೋ ಇರಬೇಕು, ಸರಿಯಾಗಿ ನೋಡಿ" ಅನ್ನುತ್ತಿದ್ದರು.

ಆಗಿನ ಪರೀಕ್ಷೆ ಸುಲಭ. ಗಾಜಿನ ಕೊಳವೆಗೆ ಮೂತ್ರ ಹಾಕಿ, ಸ್ಪಿರಿಟ್ ದೀಪಕ್ಕೆ ಹಿಡಿದು ಕುದಿಸಬೇಕು. ಬೆಳ್ಳಗಾದರೆ ಪ್ರೋಟೀನ್ ಇದೆ, ತಿಳಿಯಾಗಿದ್ದರೆ ಇಲ್ಲ. ಮೂರು ಸಲ ಕುದಿಸಿ ಮೂರು ಸಲವೂ 'ಇಲ್ಲ' ಅಂತ ಬರೆದೆ. ನಾಲ್ಕನೇ ಸಲ ಸಾಹೇಬರು ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದರು.

"ಸಾರ್, ನಿಮ್ ಉರಿ ಜಾಸ್ತಿ ಆಯ್ತು" ಅಂದರು.

"ಇದು ರೇಷ್ಮೆ ಗೂಡಲ್ಲ ಸಾಹೇಬ್ರೆ."

"ಗೂಡಲ್ಲ, ಸರಿ. ಆದ್ರೆ ನಡುವೆ ಒಂದು ಗಳಿಗೆ ಹಾಲಿನ ತರ ಆಯ್ತು. ನೀವು ಹಂಗೇ ಕಾಯಿಸ್ತಾ ಹೋದ್ರಿ, ಹೊರಟೋಯ್ತು. ನಲವತ್ತು ವರ್ಷದಿಂದ ನೀರು ಕಾಯಿಸ್ತಿದೀನಿ, ಒಂದೊಂದು ಕಾವಿಗೆ ಒಂದೊಂದು ಗುಣ. ಒಂದ್ಸಲ ನಿಧಾನಕ್ಕೆ ಮಾಡಿ ನೋಡಿ."

ಸಿಟ್ಟು ಬಂತು. ಆದರೂ ಕೊಳವೆಯನ್ನು ನೀರಿನ ಪಾತ್ರೆಯಲ್ಲಿ ಇಳಿಸಿ, ಥರ್ಮಾಮೀಟರ್ ಇಟ್ಟು, ಸಣ್ಣ ಉರಿಯಲ್ಲಿ ಕಾಯಿಸಿದೆ. ಅರವತ್ತು ಡಿಗ್ರಿ ಮುಟ್ಟುವಷ್ಟರಲ್ಲಿ ಬೆಳ್ಳಗಾಯಿತು. ಕುದಿ ಬಂದಾಗ ತಿಳಿಯಾಯಿತು. ಆರಲು ಬಿಟ್ಟರೆ ಮತ್ತೆ ಬೆಳ್ಳಗೆ. ಕೊಳವೆ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕಣ ಅಂತ ಇರುತ್ತದೆ, ಸೋಂಕಿನ ವಿರುದ್ಧ ಹೋರಾಡೋದು ಅದರ ಕೆಲಸ. ಅದೇ ಮಿತಿಮೀರಿ ಬೆಳೆದರೆ ಮೂಳೆ ಸವೆಯುತ್ತದೆ, ಅದು ಸುರಿಸುವ ಪ್ರೋಟೀನ್ ಮೂತ್ರದಲ್ಲಿ ಹೀಗೆ ಕಾಣಿಸಿಕೊಂಡು ಮಾಯವಾಗುತ್ತದೆ ಅಂತ ವಿವರಿಸಿದರು. ಕಾಯಿಲೆಯ ಹೆಸರು ಮೈಲೋಮ. ಅದೇ ವಾರ ಸಾಹೇಬರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎದೆಮೂಳೆಯಿಂದ ಮಜ್ಜೆ ತೆಗೆದು ನೋಡಿ, ಹೌದು ಅದೇ ಅಂದರು. ಹೊರದೇಶದಿಂದ ಆಗತಾನೇ ಒಂದು ಹೊಸ ಮಾತ್ರೆ ಬಂದಿತ್ತು. ಪೂರ್ತಿ ವಾಸಿಯಾಗದಿದ್ದರೂ ತಡೆದು ನಿಲ್ಲಿಸಬಹುದು ಅಂತ ಅದನ್ನು ಶುರುಮಾಡಿದರು.

ಮೂರು ಸಲ 'ಇಲ್ಲ' ಅಂತ ಬರೆದ ಕೈ ನನ್ನದು. ಎಷ್ಟೋ ದಿನ ಅನ್ನ ರುಚಿಸಲಿಲ್ಲ.

ಎಂಟು ತಿಂಗಳಾದ ಮೇಲೆ ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡು ಲ್ಯಾಬಿನ ಬಾಗಿಲಿಗೆ ಬಂದರು. ನಾನು ಎದ್ದು ಸ್ಟೂಲ್ ಎಳೆದು ಕೊಟ್ಟೆ. ಅವರು ಕೂತು ಬೆಂಗಳೂರಿನ ಆಸ್ಪತ್ರೆಯ ಕಥೆ ಹೇಳಿದರು. ಪ್ರೊಫೆಸರು ವಿದ್ಯಾರ್ಥಿಗಳನ್ನು ಇವರ ಮಂಚದ ಸುತ್ತ ನಿಲ್ಲಿಸಿ, ಈ ಕಾಯಿಲೆಯವರ ಮೂತ್ರ ಕಾಯಿಸಿದರೆ ಏನಾಗುತ್ತದೆ ಅಂತ ಕೇಳಿದರಂತೆ. ಎಲ್ಲರೂ ನೆಲ ನೋಡಿದರಂತೆ. ಸಾಹೇಬರು ಮಲಗಿದ್ದಲ್ಲಿಂದಲೇ ಮೊದಲಿನಿಂದ ಕೊನೆಯವರೆಗೆ ಹೇಳಿದರಂತೆ. "ಇವರು ಪಾಸು. ನೀವು ಓದ್ಕೊಂಡು ಬನ್ನಿ" ಅಂದರಂತೆ ಪ್ರೊಫೆಸರು.

ಸುದ್ದಿ ಶಿಡ್ಲಘಟ್ಟದ ತುಂಬ ಹರಡಿತು. ಆಮೇಲೆ ಒಂದು ವಾರ ಮೂತ್ರ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಯಾರೂ ಬರಲಿಲ್ಲ. ಊರಿನ ಆರೋಗ್ಯ ಸುಧಾರಿಸಿತು ಅಂತ ನಾನು ಖುಷಿಯಾಗಿದ್ದೆ. ಡಾಕ್ಟರು ನಂಬದೆ, "ಏನು ಅಂತ ವಿಚಾರಿಸ್ಕೊಂಡು ಬನ್ನಿ" ಅಂದರು. ಯಾರನ್ನು ಕೇಳಿದರೂ ಸಾಹೇಬರ ಬೀದಿ ಕಡೆ ಕೈ ತೋರಿಸಿದರು.

ಹೋಗಿ ನೋಡಿದರೆ ಅವರ ಮನೆ ಬಾಗಿಲಿಂದ ಬೀದಿಯ ತಿರುವಿನ ತನಕ ಜನ ಸಾಲಾಗಿ ನಿಂತಿದ್ದಾರೆ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸೀಸೆ. ಒಳಗೆ ಸಾಹೇಬರು ಒಲೆಯ ಮುಂದೆ ಕನ್ನಡಕ ಏರಿಸಿಕೊಂಡು ಕೂತು, ಉರಿ ಹದ ಮಾಡುತ್ತಿದ್ದರು. ನನ್ನನ್ನು ಕಂಡು ತಲೆ ಎತ್ತಿ, ಬಹಳ ಗಂಭೀರವಾಗಿ ಹೇಳಿದರು:

"ಬನ್ನಿ ಸಾರ್. ನಿಮ್ದೂ ತಂದಿದೀರಾ? ಸ್ವಲ್ಪ ಲೈನಲ್ಲಿ ನಿಂತ್ಕೊಳ್ಳಿ."