ಬಾಗಿಲು ಹಾಕಿ ಆಡುವ ಸಿದ್ಧಾಂತ

ಪೂರ್ಣ ಹೆಸರು ಲಿಫ್ಟಣ್ಣ. ಇದಕ್ಕಿಂತ ಪೂರ್ಣವಾದ ಹೆಸರೊಂದು ಅವನ ಸಂಬಳದ ಚೀಟಿಯಲ್ಲಿದೆಯೆಂದು ಕೇಳಿದ್ದೇವೆ. ಆದರೆ ಕೆಟ್ಟುನಿಂತ ಲಿಫ್ಟಿನೊಳಗಿಂದ ಪ್ರಾಣಭಯದಲ್ಲಿ ಕೂಗುವವರ ಬಾಯಿಗೆ ಅಷ್ಟು ಉದ್ದದ ಹೆಸರು ಬರುವುದಿಲ್ಲ. ಕಸುಬು ಲಿಫ್ಟು ರಿಪೇರಿ. ವಯಸ್ಸು ನಲವತ್ತೆಂಟು. ಕುಟುಂಬವೆಂದರೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ, ಅವಳ ತಮ್ಮ, ಮತ್ತು ಹೊಳೆಯ ಈಚೆ ದಡದ ನೀಲಿ ಫುಟ್‌ಬಾಲ್ ತಂಡ. ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದರಲ್ಲಿ ಈ ಮೂವರ ನಡುವೆ ಬಿಗಿಯಾದ ಪೈಪೋಟಿಯಿತ್ತು.

ಹೊಳೆಯ ಆಚೆ ದಡದಲ್ಲಿ ಕೆಂಪು ತಂಡ. ನೀಲಿಯವರು ಕೆಂಪಿನವರನ್ನು ಕೊನೆಯ ಬಾರಿ ಸೋಲಿಸಿದಾಗ ಲಿಫ್ಟಣ್ಣ ಇನ್ನೂ ಚಡ್ಡಿ ಹಾಕುವ ಹುಡುಗ. ಅಪ್ಪನ ಕೈ ಹಿಡಿದು ಮೈದಾನಕ್ಕೇನೋ ಹೋಗಿದ್ದ. ಆದರೆ ಮುಂದೆ ನಿಂತಿದ್ದ ದಢೂತಿ ಮನುಷ್ಯನೊಬ್ಬನ ಬೆನ್ನನ್ನು ಇಡೀ ಪಂದ್ಯದುದ್ದಕ್ಕೂ ಏಕಾಗ್ರಚಿತ್ತದಿಂದ ವೀಕ್ಷಿಸಿ ಮನೆಗೆ ಮರಳಿದ್ದ. ಆ ಅಂಗಿಯ ಪಟ್ಟೆಗಳು ಅವನಿಗೆ ಇಂದಿಗೂ ಕಣ್ಣಿಗೆ ಕಟ್ಟಿವೆ; ಗೋಲು ಮಾತ್ರ ಕಂಡಿಲ್ಲ. ಅಲ್ಲಿಂದಾಚೆಗೆ ನೀಲಿಯವರು ಒಮ್ಮೆಯೂ ಗೆಲ್ಲಲಿಲ್ಲ. ತಮ್ಮವರ ಗೆಲುವನ್ನು ಒಂದೇ ಒಂದು ಸಲ ಕಣ್ಣಾರೆ ಕಾಣಬೇಕೆಂಬುದು ಅವನ ಜೀವನದ ಏಕೈಕ ಮಹದಾಕಾಂಕ್ಷೆಯಾಗಿ ಬೆಳೆದು ನಿಂತಿತು.

ಮತ್ತೆ ಕೆಂಪಿನವರೊಡನೆ ಪಂದ್ಯ ಬಂತು. ಆ ದಿನ ಬೆಳಿಗ್ಗೆ ಅವನು ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದ. "ಇವತ್ತು ನಮ್ಮವರು ಗೆಲ್ತಾರೆ. ನಾನು ನೋಡ್ತೀನಿ. ಭೂಮಿ ಬಾಯಿಬಿಟ್ರೂ ಸರಿ, ಕಣ್ಣಾರೆ ನೋಡೇ ನೋಡ್ತೀನಿ."

"ಮೊದಲು ನಿಮ್ಮ ಬಾಯಿ ತೊಳ್ಕೊಳ್ಳಿ," ಎಂದಳು ಹೆಂಡತಿ.

ಮೈದಾನದ ಟಿಕೆಟ್ಟುಗಳು ಎಂದೋ ಮುಗಿದಿದ್ದವು. ಟಿ.ವಿ. ಇದ್ದದ್ದು ಹಾಲಿನಲ್ಲಿ, ಮತ್ತು ಅದರ ಮುಂದಿನ ಕುರ್ಚಿಯಲ್ಲಿ ಮಧ್ಯಾಹ್ನದಿಂದಲೇ ಭಾವಮೈದುನ ಬೇರುಬಿಟ್ಟಿದ್ದ. ಈತ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಉಣ್ಣುವುದು ಈಚೆ ದಡದ ಅನ್ನ, ಕೂಗುವುದು ಆಚೆ ದಡದ ಜಯಕಾರ. ಓದಲೆಂದು ಹೊಳೆ ದಾಟಿ ಹೋದವನು ಮರಳುವಾಗ ಒಂದು ಪದವಿಯನ್ನೂ ಒಂದು ಕೆಂಪು ಅಂಗಿಯನ್ನೂ ತಂದಿದ್ದ. ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಅಂಗಿಯನ್ನು ತೊಟ್ಟುಕೊಂಡಿದ್ದ. ಇಂಥ ಗೂಢಚಾರನ ಎದುರು ತಂತ್ರಗಾರಿಕೆ ಚರ್ಚಿಸುವುದು ತರವಲ್ಲವೆಂದು ಲಿಫ್ಟಣ್ಣ ತನ್ನ ಇಬ್ಬರು ಸಹಪಂಥೀಯರನ್ನು ಮಲಗುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಒಬ್ಬ ಮೂಲೆಯಂಗಡಿಯ ಬೇಕರಿಯವ. ಇನ್ನೊಬ್ಬ ನಿವೃತ್ತ ಬಸ್ ಕಂಡಕ್ಟರ್. ಈತ ವಿಷಯ ಬರುವ ಮೊದಲೇ ಮಾತಿಗೆ ನುಗ್ಗುವ ಚಾಳಿಯಿಂದಾಗಿ ಎಲ್ಲರ ಬಾಯಲ್ಲೂ "ಆಫ್‌ಸೈಡ್" ಎನಿಸಿಕೊಂಡಿದ್ದ.

ಪಂದ್ಯಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ಲಿಫ್ಟಣ್ಣ ತನ್ನ ಸಿದ್ಧಾಂತವನ್ನು ಮಂಡಿಸಿದ. ಬಾಗಿಲು ಮುಚ್ಚದ ಲಿಫ್ಟು ಒಂದಿಂಚೂ ಅಲುಗುವುದಿಲ್ಲ, ತಂಡವೂ ಹಾಗೆಯೇ. ಆದ್ದರಿಂದ ಹತ್ತೂ ಮಂದಿ ತಮ್ಮ ಗೋಲಿನ ಮುಂದೆ ಗೋಡೆಯಂತೆ ನಿಲ್ಲಬೇಕು, ಎದುರಾಳಿ ತಲೆ ಚಚ್ಚಿಕೊಂಡು ಸುಸ್ತಾಗಬೇಕು, ಆಮೇಲೆ ನೋಡಿಕೊಳ್ಳೋಣ. ಬೇಕರಿಯವ ಒಪ್ಪಲಿಲ್ಲ. ಬ್ರೆಡ್ಡನ್ನು ಒಳಗಿಡದೆ ಒಲೆಯ ಬಾಗಿಲು ಹಾಕಿಕೊಂಡರೆ ಬೇಯುವುದಾದರೂ ಏನು ಎಂಬುದು ಅವನ ಆಕ್ಷೇಪ. ಮುನ್ನುಗ್ಗಬೇಕು, ನುಗ್ಗುತ್ತಲೇ ಇರಬೇಕು. ಆಫ್‌ಸೈಡ್ ಮಹಾಶಯನಂತೂ ಮೂವತ್ತು ವರ್ಷದ ಅಭ್ಯಾಸಬಲದಿಂದ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದಷ್ಟೇ ಹೇಳುತ್ತಿದ್ದ.

ಮಾತಿಗೆ ಮಾತು ಬೆಳೆಯಿತು. ಬಾಯಿಮಾತಿನಿಂದ ಬಗ್ಗುವವರಲ್ಲ ಇವರು ಎಂದು ಬಗೆದ ಲಿಫ್ಟಣ್ಣ ಪ್ರಾತ್ಯಕ್ಷಿಕೆಗೆ ಇಳಿದ. ಕೋಣೆಯ ಬಾಗಿಲೇ ಗೋಲು. ಅದರ ಮುಂದಕ್ಕೆ ಹೆಂಡತಿಯ ಕಬ್ಬಿಣದ ಬೀರುವನ್ನು ಮೂವರೂ ಸೇರಿ ತಳ್ಳಿ ತಂದು ನಿಲ್ಲಿಸಿದರು. ಅದು ಮುಖ್ಯ ರಕ್ಷಕ. ಅದರ ಹಿಂದೆಯೇ ಮಂಚವನ್ನು ಉದ್ದಕ್ಕೆ ಎಳೆದು ತಂದರು. ಅದು ಎರಡನೆಯ ಸಾಲು. ರಕ್ಷಣಾವ್ಯೂಹವನ್ನು ಕಣ್ತುಂಬ ನೋಡಿ ಲಿಫ್ಟಣ್ಣ ಬೇಕರಿಯವನಿಗೆ ಸವಾಲೆಸೆದ.

"ಈಗ ನೀನು ಕೆಂಪಿನವರ ಫಾರ್ವರ್ಡು. ಗೋಲು ಹೊಡಿ ನೋಡೋಣ."

ಬೇಕರಿಯವ ಎರಡು ಮೂಟೆ ಮೈದಾ ಒಟ್ಟಿಗೆ ಹೊರುವ ಆಳು. ಮಂಚದ ಮೇಲೆ ಹತ್ತಿ, ಹಾಸಿಗೆಯ ಮೇಲೆ ಓಡಿ, ಹೆಗಲು ಕೊಟ್ಟು ಬೀರುವಿಗೆ ಗುದ್ದಿದ. ಬೆಳಗಿನ ಸವಾಲನ್ನು ಭೂಮಿ ಮರೆತಿರಲಿಲ್ಲವೋ ಏನೋ, ಬೀರುವಿನ ಕೆಳಗಿನ ಟೈಲ್ಸು ಬಾಯಿಬಿಟ್ಟಿತು. ಬೀರುವಿನ ಕಾಲು ಆ ಹಳ್ಳಕ್ಕೆ ಇಳಿಯಿತು, ತಲೆ ಬಾಗಿಲ ಮೇಲೆ ಸಾಮಾನಿಡುವ ಸಜ್ಜಾದಡಿ ಸಿಕ್ಕಿಕೊಂಡಿತು. ಅದೇ ರಭಸಕ್ಕೆ ಜಾರಿದ ಮಂಚವು ಒಂದು ತುದಿಯನ್ನು ಬೀರುವಿನ ಬುಡಕ್ಕೂ ಇನ್ನೊಂದು ತುದಿಯನ್ನು ಎದುರು ಗೋಡೆಗೂ ಕೊಟ್ಟು ಬೆಣೆಯಂತೆ ಬಿಗಿದು ಕುಳಿತಿತು. ಬಾಗಿಲೋ, ಒಳಕ್ಕೆ ತೆರೆಯುವಂಥದ್ದು. ಕಿಟಕಿಗೆ ಸರಳು.

"ಕಂಡ್ಯಾ? ಒಳಗೆ ಹೋಗೋಕೆ ಆಗ್ಲಿಲ್ಲ," ಎಂದ ಲಿಫ್ಟಣ್ಣ ವಿಜಯದ ನಗೆ ಬೀರಿ.

"ಹೊರಗೆ ಹೋಗೋಕೂ ಆಗಲ್ಲ, ಲಿಫ್ಟಣ್ಣ," ಎಂದ ಬೇಕರಿಯವ.

ಮೂವರೂ ಎಳೆದರು, ನೂಕಿದರು, ಎತ್ತಿದರು, ಒಬ್ಬರನ್ನೊಬ್ಬರು ಬೈದರು. ವ್ಯೂಹ ಅಲುಗಲಿಲ್ಲ. ಸದ್ದು ಕೇಳಿ ಹೆಂಡತಿ ಬಾಗಿಲಾಚೆ ಬಂದು ನಿಂತಳು. ವೈದ್ಯರ ಅಕ್ಷರವನ್ನೇ ಓದಬಲ್ಲವಳಿಗೆ ಒಳಗಿನ ತೊದಲುಮಾತುಗಳಿಂದ ನಡೆದದ್ದನ್ನು ಅರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಪ್ಪತ್ತು ವರ್ಷಗಳಿಂದ ಲಿಫ್ಟುಗಳಲ್ಲಿ ಸಿಕ್ಕಿಬಿದ್ದವರಿಗೆಲ್ಲ ಗಂಡ ಹೇಳುತ್ತಿದ್ದ ಮಾತನ್ನೇ ಅವಳು ಅವನದೇ ಧಾಟಿಯಲ್ಲಿ ಹೇಳಿದಳು.

"ಗಾಬರಿ ಆಗ್ಬೇಡಿ. ಬಾಗಿಲು ಎಳೆದಾಡ್ಬೇಡಿ. ಒಳಗೆ ಗಾಳಿ ಇದೆ. ಎಷ್ಟು ಜನ ಇದ್ದೀರಿ?"

"ಲೇ, ಪಂದ್ಯ ಶುರುವಾಗುತ್ತೆ ಕಣೇ."

"ಮಂಚ ಬಿಚ್ಚಿ. ಸಾಮಾನು ಕೊಡ್ತೀನಿ."

ಸಾಮಾನಿನ ಚೀಲ ಸರಳುಗಳ ನಡುವೆ ತೂರಲಿಲ್ಲ. ಹೆಂಡತಿ ಮನೆಯ ಹಿಂಭಾಗಕ್ಕೆ ಸುತ್ತಿ ಬಂದು ಸ್ಪ್ಯಾನರುಗಳನ್ನು ಒಂದೊಂದಾಗಿ ಕಿಟಕಿಯಿಂದ ಕೊಟ್ಟಳು, ಯಾವುದು ಯಾವ ಹೊತ್ತಿಗೆ ಎಂದು ಗುಳಿಗೆಗಳನ್ನು ವಿವರಿಸುವವಳಂತೆ. ಮಂಚಕ್ಕೆ ಬಣ್ಣ ಬಳಿಯುವಾಗ ನಟ್ಟುಗಳಿಗೂ ಸೇರಿಸಿ ದಪ್ಪಗೆ ಬಳಿದಿದ್ದವನು ಲಿಫ್ಟಣ್ಣನೇ. ಅವು ಈಗ ಅವನ ಕೆಲಸದ ಗಟ್ಟಿತನಕ್ಕೆ ಸಾಕ್ಷಿ ನುಡಿಯುತ್ತಿದ್ದವು. ಟಿ.ವಿ.ಯನ್ನು ಕಿಟಕಿಗೆ ತರೋಣವೆಂದರೆ ಅದು ಅಂದಿನ ಕಾಲದ ಡಬ್ಬಿ ಟಿ.ವಿ., ಇಬ್ಬರು ಎತ್ತಿದರೆ ಸೊಂಟ ಉಳಿಯುವಂಥದ್ದಲ್ಲ. ಮೊಬೈಲುಗಳು ಇನ್ನೂ ಜನರ ಕಿಸೆಗೆ ಇಳಿದಿರಲಿಲ್ಲ.

ಹಾಲಿನಲ್ಲಿ ಸೀಟಿ ಊದಿದ್ದು ಕೇಳಿಸಿತು. ಲಿಫ್ಟಣ್ಣ ಸ್ಪ್ಯಾನರನ್ನು ಕೆಳಗಿಟ್ಟ. ಎಂಥ ಹಟಮಾರಿಗಾದರೂ ಸ್ವಾಭಿಮಾನವನ್ನು ಮಡಿಚಿಡಬೇಕಾದ ಗಳಿಗೆಯೊಂದು ಬರುತ್ತದೆ. ಅವನು ಬೀರುವಿನ ಸಂದಿಗೆ ಬಾಯಿಟ್ಟು, ಹಿಂದೆಂದೂ ಬಳಸದ ಮೃದುಸ್ವರದಲ್ಲಿ ಭಾವಮೈದುನನನ್ನು ಕರೆದ.

"ಏನಾಗ್ತಿದೆ ಅಂತ ಸ್ವಲ್ಪ ಹೇಳಪ್ಪಾ."

"ನಾನು ಹೇಳಿದ್ರೆ ನಂಬ್ತೀರಾ, ಭಾವ?"

"ಬೇರೆ ದಾರಿ ಏನಿದೆ?"

ಭಾವಮೈದುನ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡು ಕುಳಿತ. ಒಪ್ಪಲೇಬೇಕು, ಅವನು ಪ್ರಾಮಾಣಿಕವಾಗಿಯೇ ವರದಿ ಮಾಡಿದ. ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಯಾರು ಬಿದ್ದರು, ಯಾರು ಬಿದ್ದಂತೆ ನಟಿಸಿದರು, ಒಂದನ್ನೂ ಬಿಡಲಿಲ್ಲ. ಒಳಗೆ ಒಂದು ನಟ್ಟು ಸಡಿಲಾಯಿತು, ಅರ್ಧ ಪಂದ್ಯ ಮುಗಿಯಿತು. ಎರಡನೆಯ ನಟ್ಟು ಸಡಿಲಾಯಿತು, ಗೋಲಿಲ್ಲ. ಬೇಕರಿಯವನ ಬೆನ್ನು ಹಿಡಿದುಕೊಂಡಿತು, ಗೋಲಿಲ್ಲ. ಪಂದ್ಯ ಇನ್ನೇನು ಮುಗಿಯಬೇಕು ಎನ್ನುವಾಗ ಹೊರಗಿನ ಮಾತು ಒಮ್ಮೆಲೇ ನಿಂತುಹೋಯಿತು.

ಮರುಕ್ಷಣ ಇಡೀ ಬೀದಿ ಭೋರ್ಗರೆಯಿತು. ಒಳಗಿದ್ದ ಮೂವರೂ ಬೀರುವಿನ ಸಂದಿಗೆ ಕಿವಿಯಿಟ್ಟರು. ಬಹಳ ಹೊತ್ತಿನ ಮೇಲೆ ಬಾಗಿಲಾಚೆಯಿಂದ ಬತ್ತಿದ ದನಿಯೊಂದು ಬಂತು.

"ಭಾವ... ನಿಮ್ಮವರು ಗೋಲು ಹೊಡೆದ್ರು."

"ಹೇಗೆ? ಹೇಗೆ ಹೊಡೆದ್ರು, ಹೇಳೋ!"

ಆಗ ಭಾವಮೈದುನ ಹೇಳಿದ್ದನ್ನು ಲಿಫ್ಟಣ್ಣ ಕಣ್ಣು ಮುಚ್ಚಿ ಕೇಳಿದ. ನೀಲಿಯ ಏಳನೇ ನಂಬರಿನವ ತನ್ನ ಅರ್ಧದಿಂದಲೇ ಚೆಂಡು ಎತ್ತಿಕೊಂಡು ಹೊರಟದ್ದು, ಮೂವರನ್ನು ಮೂರು ಬಗೆಯಲ್ಲಿ ವಂಚಿಸಿದ್ದು, ನಾಲ್ಕನೆಯವನ ಕಾಲುಗಳ ನಡುವೆಯೇ ಚೆಂಡು ತೂರಿಸಿ ತಾನು ಸುತ್ತಿ ಬಂದು ಹಿಡಿದದ್ದು, ಓಡುತ್ತಲೇ ಎಡಗಾಲಲ್ಲಿ ಬಾರಿಸಿದ್ದು, ಚೆಂಡು ಬಿಲ್ಲಿನಂತೆ ಬಾಗಿ ಗೋಲಿನ ಮೇಲ್ಮೂಲೆ ಹೊಕ್ಕದ್ದು. ಬೀರು, ಮಂಚ, ಗೋಡೆ ಎಲ್ಲವೂ ಮಾಯವಾದವು. ಅವನ ಕೆನ್ನೆಯ ಮೇಲೆ ನೀರಿಳಿಯಿತು. "ಕಂಡೆ ಕಣೋ," ಎಂದ ಅವನು, "ಕಣ್ಣಾರೆ ಕಂಡ ಹಾಗೇ ಆಯ್ತು." ಶತ್ರುವಿನ ಬಾಯಿಂದ ಇಂಥ ನಿಷ್ಪಕ್ಷಪಾತದ ಮಾತು ಬಂದುದಕ್ಕೆ ಆಫ್‌ಸೈಡ್ ಕೂಡ ಬಾಗಿಲ ಕಡೆ ತಿರುಗಿ ಕೈಮುಗಿದ.

ಕೊನೆಯ ಸೀಟಿಯಾದ ಸ್ವಲ್ಪ ಹೊತ್ತಿಗೆ ಕೊನೆಯ ನಟ್ಟೂ ಕಳಚಿತು. ಮಂಚ ಕುಸಿಯಿತು, ಬೀರು ಗೇಣಗಲ ಸರಿಯಿತು, ಮೂವರೂ ಸಂದಿಯಲ್ಲಿ ನುಸುಳಿ ಹಾಲಿಗೆ ಬಿದ್ದರು. ಟಿ.ವಿ.ಯಲ್ಲಿ ಆಗತಾನೇ ಗೋಲನ್ನು ಮರುತೋರಿಸುತ್ತಿದ್ದರು.

ಕೆಂಪಿನ ಹತ್ತೂ ಮಂದಿ ತಮ್ಮ ಗೋಲಿನ ಮುಂದೆ ಗೋಡೆಯಂತೆ ಕಿಕ್ಕಿರಿದು ನಿಂತಿದ್ದರು. ಆ ನೂಕುನುಗ್ಗಲಿನಲ್ಲಿ ಕೆಂಪಿನವನೇ ಒಬ್ಬ, ನೋಡದೆ, ಚೆಂಡನ್ನು ಹಿಂದಕ್ಕೆ ತಳ್ಳಿದ. ಕೆಂಪಿನ ಗೋಲ್‌ಕೀಪರ್ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ. ಚೆಂಡು ಅವನ ಪಕ್ಕದಲ್ಲಿ, ಯಾವ ಅವಸರವೂ ಇಲ್ಲದೆ, ಉರುಳಿಕೊಂಡು ಗೋಲಿನೊಳಗೆ ಹೋಯಿತು. ನೀಲಿಯ ಏಳನೇ ನಂಬರಿನವ ಅಂಚಿನ ಬೆಂಚಿನ ಮೇಲೆ ಮೊಣಕಾಲಿಗೆ ಮಂಜುಗಡ್ಡೆ ಒತ್ತಿಕೊಂಡು ಕುಳಿತಿದ್ದ.

ಲಿಫ್ಟಣ್ಣ ನಿಧಾನವಾಗಿ ಭಾವಮೈದುನನ ಕಡೆ ತಿರುಗಿದ. ಭಾವಮೈದುನ ತನ್ನ ಕೆಂಪು ಅಂಗಿಯ ಗುಂಡಿಯನ್ನು ತಿರುವುತ್ತಿದ್ದ.

"ನಮ್ಮವನೇ ನಮ್ಮ ಗೋಲಿಗೆ ಹಾಕಿದ ಅಂತ ಹ್ಯಾಗೆ ಹೇಳ್ಲಿ, ಭಾವ? ಸೋಲೋದು ಸೋತ್ವಿ, ಒಂದು ಒಳ್ಳೆ ಗೋಲಿಗಾದ್ರೂ ಸೋತ ಹಾಗಿರ್ಲಿ ಅಂತ ತಿದ್ದಿದೆ."

"ಮತ್ತೆ ಹತ್ತೂ ಜನ ಯಾಕೆ ಅಲ್ಲೇ ನಿಂತಿದ್ರು?" ಎಂದು ಬೇಕರಿಯವ ಬೆನ್ನು ಹಿಡಿದುಕೊಂಡೇ ಕೇಳಿದ.

"ಬಾಗಿಲು ಹಾಕಿ ಆಡಿದ್ರಂತೆ," ಎಂದಳು ಹೆಂಡತಿ, ಬಾಗಿಲ ಸಂದಿಯಿಂದ ತನ್ನ ಕೋಣೆಯೊಳಗೆ ಇಣುಕುತ್ತ.

ಹೀಗೆ, ಲಿಫ್ಟಣ್ಣನ ಸಿದ್ಧಾಂತವು ಆ ಸಂಜೆ ಹೊಳೆಯ ಎರಡೂ ದಡಗಳಲ್ಲಿ ಏಕಕಾಲಕ್ಕೆ ನಿಧನ ಹೊಂದಿತು. ಮೃತ ಸಿದ್ಧಾಂತವು ಎಂಟು ತುಂಡಾದ ಒಂದು ಮಂಚ, ಒಂದು ಕಾಲು ಹಳ್ಳದಲ್ಲಿಟ್ಟ ಒಂದು ಬೀರು, ಬಾಯಿಬಿಟ್ಟ ಟೈಲ್ಸು, ನೆಟ್ಟಗಾಗದ ಒಬ್ಬ ಬೇಕರಿಯವ, ಸೊಂಟದ ಮೇಲೆ ಕೈಯಿಟ್ಟು ನಿಂತ ಒಬ್ಬ ಹೆಂಡತಿ, ಹಾಗೂ ಬೀದಿಯ ಮೆರವಣಿಗೆಯ ಸದ್ದು ದೂರವಾಗುವುದನ್ನು ಆಲಿಸುತ್ತ, ಮಂಚದ ಯಾವ ಕಾಲು ಯಾವ ಮೂಲೆಯದೆಂದು ತಿಳಿಯದೆ ಕುಕ್ಕುರುಗಾಲಲ್ಲಿ ಕುಳಿತ ಒಬ್ಬ ಗಂಡನನ್ನು ಅಗಲಿದೆ.